ಹ್ಯಾಂಬರ್ಗ್: ಹಡಗು ಹತ್ತೋರ ಊರು

ನಾವಿರೋದು ಜರ್ಮನಿಯ ಹ್ಯಾನೋವರ್ ಹತ್ರ. ಹ್ಯಾಂಬರ್ಗ್ ಇಲ್ಲಿಂದ ಏನೂ ದೂರ ಇಲ್ಲ, ಯಾವಾಗ ಬೇಕಾದ್ರೂ ಹೋಗ್ಬಹುದಲ್ಲ ಅಂತ ಅಂದ್ಕೊಂಡು ಅಂದ್ಕೊಂಡೇ ಪ್ಯಾರಿಸ್, ಪ್ರಾಗ್, ಆಮ್‌ಸ್ಟರ್‌ಡ್ಯಾಮ್ ಎಲ್ಲಾ ಮುಗಿದ್ರೂ ಇದೊಂದು ಹಾಗೇ ಉಳ್ಕೊಂಡಿತ್ತು. ನಿಜ ಹೇಳ್ಬೇಕಂದ್ರೆ ನಮ್ಮಂಥೋರ ವೀಕೆಂಡ್ ಟ್ರಿಪ್ಪುಗಳಲ್ಲಿ ಅರ್ಧ ನಡೆಯೋದು ಊರಲ್ಲಿರೋ ಫ್ಯಾಮಿಲಿ ಗ್ರೂಪಿಗೆ ಫೋಟೋ ಹಾಕೋಕೇನೇ. ಐಫೆಲ್ ಟವರ್ ಹಾಕಿದ್ರೆ ಯಾರೂ ಏನೂ ಕೇಳಲ್ಲ, ಹ್ಯಾಂಬರ್ಗ್ ಅಂದ್ರೆ ಅಲ್ಲೇನಿದೆ ನೋಡಕ್ಕೆ ಅಂತಾರೆ, ಒಬ್ಬಿಬ್ಬರು ಬರ್ಗರ್ ಬಗ್ಗೆ ಜೋಕ್ ಹೊಡೀತಾರೆ. ಹಂಗಾಗಿ ಇದು ಯಾವಾಗ್ಲೂ ಮುಂದಿನ ತಿಂಗಳ ಲಿಸ್ಟಿಗೇ ಹೋಗ್ತಿತ್ತು.

ಕೊನೆಗೆ ಹೋಗಿದ್ದು ಡಾಯ್ಚ್‌ಲಾಂಡ್ ಟಿಕೆಟ್ ದಯೆಯಿಂದ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಗಿ ಆಮೇಲೆ ಏರ್ತಾ ಬಂದಿರೋ ಈ ತಿಂಗಳ ಪಾಸಿದ್ರೆ ದೇಶದ ಯಾವ ಮೂಲೆಗಾದ್ರೂ ಹೋಗ್ಬಹುದು, ಆದ್ರೆ ಸ್ಪೀಡ್ ಟ್ರೇನ್ ಹತ್ತೋ ಹಾಗಿಲ್ಲ, ಎಲ್ಲಾ ಸಣ್ಣ ಸಣ್ಣ ಸ್ಟೇಷನ್ನಲ್ಲೂ ನಿಲ್ಲೋ ರೀಜನಲ್ ಟ್ರೇನೇ ಗತಿ. ನಮ್ಮ ದಾರಿಯಲ್ಲಿ ಉಲ್ಟ್ಸೆನ್ ಅನ್ನೋ ಊರಲ್ಲಿ ಟ್ರೇನ್ ಬದಲಾಯಿಸ್ಬೇಕು. ಆ ಸ್ಟೇಷನ್ ನೋಡಿ ನಂಗೆ ಖುಷಿಯಾಗೋಯ್ತು. ಹುಂಡರ್ಟ್‌ವಾಸರ್ ಅಂತ ಆಸ್ಟ್ರಿಯಾದ ಕಲಾವಿದ, ನೇರ ಗೆರೆ ಕಂಡ್ರೇನೇ ಆಗದ ಮನುಷ್ಯ, 2000ನೇ ಇಸವಿಯ ಹ್ಯಾನೋವರ್ ಎಕ್ಸ್‌ಪೋ ನೆಪದಲ್ಲಿ ಈ ಹಳೇ ರೈಲ್ವೆ ಸ್ಟೇಷನ್ನಿಗೆ ಹೊಸ ರೂಪದ ಡಿಸೈನ್ ಮಾಡ್ಕೊಟ್ಟು, ಕೆಲಸ ಮುಗಿಯೋ ಮುಂಚೆನೇ ತೀರ್ಕೊಂಡ್ರು. ಹೊಟ್ಟೆ ಉಬ್ಬಿದ ಬಣ್ಣಬಣ್ಣದ ಕಂಬಗಳು, ಅಂಕುಡೊಂಕು ಟೈಲ್ಸು, ಅದರ ಮಧ್ಯೆ ಸೂಟ್‌ಕೇಸ್ ಎಳ್ಕೊಂಡು ಓಡ್ತಿರೋ ಗಂಭೀರ ಮುಖದ ಜರ್ಮನ್ನರು. ಎಕ್ಸ್‌ಪ್ರೆಸ್ ಟ್ರೇನಲ್ಲಿ ಹೋಗಿದ್ರೆ ಇದು ಕಿಟಕಿಯಾಚೆ ಒಂದು ಕ್ಷಣ ಬಂದು ಹೋಗ್ತಿತ್ತು ಅಷ್ಟೆ.

ನಮ್ಮನೆಯವ್ರು ಟ್ರಿಪ್ ಅಂದ್ರೆ ಮ್ಯಾಪ್ ತುಂಬಾ ಹಸಿರು ಸ್ಟಾರ್ ಹಾಕ್ಕೊಂಡು ಬರೋ ಪಾರ್ಟಿ. ಮೊದಲನೇ ಸ್ಟಾರ್ ಟೌನ್‌ಹಾಲು. 1897ರಲ್ಲಿ ಮುಗಿದ ಕಟ್ಟಡ, 647 ರೂಮಿದೆಯಂತೆ, ಎದುರಿಗೆ ನಿಂತು ಫೋಟೋ ತೆಗೆದ್ವಿ, ಮುಂದೆ ಹೋದ್ವಿ. ಅಷ್ಟೇ ಅದರ ಕಥೆ.

ಲಿಸ್ಟಲ್ಲಿ ಇಲ್ದೇ ಇದ್ದ ಸೇಂಟ್ ನಿಕೊಲಾಯ್ ಚರ್ಚ್ ದಾರಿಯಲ್ಲಿ ಸಿಕ್ತು. ಚರ್ಚ್ ಅನ್ನೋದಕ್ಕಿಂತ ಅದರಲ್ಲಿ ಉಳ್ದಿರೋದು ಅನ್ಬೇಕು. ಮೇಲೆ ಚಾವಣಿ ಇಲ್ಲ, ಒಂದಿಷ್ಟು ಗೋಡೆ, ಮತ್ತೆ ಮಸಿ ಹಿಡಿದಿರೋ ಗೋಪುರ. 147 ಮೀಟರ್ ಎತ್ತರದ ಈ ಗೋಪುರ 1874ರಿಂದ ಎರಡು ವರ್ಷ ಇಡೀ ಪ್ರಪಂಚದಲ್ಲೇ ಅತಿ ಎತ್ತರದ ಕಟ್ಟಡ ಆಗಿತ್ತು. ಇದನ್ನ ಡಿಸೈನ್ ಮಾಡಿದ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಅನ್ನೋ ಇಂಗ್ಲಿಷ್ ಆರ್ಕಿಟೆಕ್ಟೇ ಮುಂಬೈ ಯೂನಿವರ್ಸಿಟಿಯ ರಾಜಾಬಾಯಿ ಟವರನ್ನೂ ಡಿಸೈನ್ ಮಾಡಿದ್ದು, ಗೊತ್ತಾದ್ಮೇಲೆ ಎರಡರ ಫೋಟೋನೂ ಅಕ್ಕಪಕ್ಕ ಇಟ್ಟು ನೋಡಿದ್ರೆ ಒಂದೇ ಕೈ ಅಂತ ಅನ್ಸತ್ತೆ. 1943ರ ಜುಲೈ ಕೊನೆಯಲ್ಲಿ ಬ್ರಿಟಿಷ್ ವಿಮಾನಗಳು ಈ ಊರಿಗೆ ಬೆಂಕಿ ಸುರಿದಾಗ ಪೈಲಟ್‌ಗಳಿಗೆ ದಿಕ್ಕಿನ ಗುರುತು ಆಗಿದ್ದೂ ಇದೇ ಗೋಪುರ. ಇಂಗ್ಲಿಷ್‌ನೋನು ಕಟ್ಟಿಸಿದ ಗೋಪುರ ನೋಡ್ಕೊಂಡು ಇಂಗ್ಲಿಷ್‌ನೋರು ಬಾಂಬ್ ಹಾಕಿದ್ರು. ಸತ್ತೋರು 30,000ಕ್ಕೂ ಹೆಚ್ಚು ಜನ. ಗೋಪುರದೊಳಗೆ ಒಂದು ಗಾಜಿನ ಲಿಫ್ಟ್ ಇದೆ, ಅರ್ಧ ಎತ್ತರಕ್ಕೆ ಕರ್ಕೊಂಡು ಹೋಗತ್ತೆ, ಅಲ್ಲಿಂದ ನೋಡಿದ್ರೆ ಇಡೀ ಊರು ನೀರಿನ ಮೇಲೆ ಕೂತಿರೋದು ಗೊತ್ತಾಗತ್ತೆ.

ಅಲ್ಲಿಂದ ಇಳಿದು ಹೋಗಿದ್ದು ಶ್ಪೈಶರ್‌ಶ್ಟಾಟ್‌ಗೆ, ಅಂದ್ರೆ ಹಳೇ ಗೋಡೌನುಗಳ ಏರಿಯಾ. ಹ್ಯಾಂಬರ್ಗ್ ಅಂತ ಗೂಗಲ್ ಮಾಡಿದ್ರೆ ಬರೋ ಮೊದಲ ಫೋಟೋ ಇದ್ರದ್ದೇ ಇರತ್ತೆ: ಕಾಲುವೆ, ಎರಡೂ ಕಡೆ ಕೆಂಪು ಇಟ್ಟಿಗೆಯ ಎತ್ತರದ ಕಟ್ಟಡಗಳು, ಸಾಯಂಕಾಲದ ಹಳದಿ ಲೈಟು. 2015ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿದೆ. ಪ್ರತಿ ಕಟ್ಟಡದ ನೆತ್ತಿಯಲ್ಲಿ ಒಂದು ರಾಟೆ ಚಾಚ್ಕೊಂಡಿದೆ, ಕಾಲುವೆ ಕಡೆಯಿಂದ ದೋಣಿಯಲ್ಲಿ ಬಂದ ಮೂಟೆಗಳನ್ನ ಅದರಲ್ಲೇ ಮೇಲಕ್ಕೆ ಎತ್ತಿ ಒಂದೊಂದು ಮಹಡಿಗೆ ಎಳ್ಕೋತಿದ್ರು. ಕಾಫಿ, ಟೀ, ಕೋಕೋ, ಮಸಾಲೆ ಸಾಮಾನು, ಕಾರ್ಪೆಟ್ಟು. ಇವತ್ತು ಒಳಗೆ ಮ್ಯೂಸಿಯಂಗಳು, ಆಫೀಸುಗಳು. ಪುಟಾಣಿ ರೈಲುಗಳ ಮಿನಿಯಾಟುರ್ ವುಂಡರ್‌ಲಾಂಡ್ ಕೂಡ ಇಲ್ಲೇ ಇರೋದು, ಅದರ ಕ್ಯೂ ನೋಡಿ ನಾವು ಒಳಗೇ ಹೋಗ್ಲಿಲ್ಲ.

ಇಷ್ಟು ಚೆಂದದ ಜಾಗ ಯಾಕೆ ಕಟ್ಟಿದ್ರು ಅನ್ನೋದು ಅಲ್ಲಿನ ಒಂದು ಬೋರ್ಡಲ್ಲಿ ಓದಿದ್ಮೇಲೆ ನಂಗೆ ಆ ಕಾಲುವೆ ಫೋಟೋ ಬೇರೆ ಥರಾನೇ ಕಾಣಕ್ಕೆ ಶುರುವಾಯ್ತು. ಹ್ಯಾಂಬರ್ಗ್ ಮೊದಲಿಂದ್ಲೂ ತನ್ನ ಪಾಡಿಗೆ ತಾನು ವ್ಯಾಪಾರ ಮಾಡ್ಕೊಂಡಿದ್ದ ಊರು, ಜರ್ಮನಿ ಒಂದು ದೇಶ ಆದ್ಮೇಲೂ ಸುಂಕದ ವಿಷಯದಲ್ಲಿ ಹೊರಗೇ ಉಳ್ಕೊಂಡಿತ್ತು. ಆಗಿನ ಜರ್ಮನ್ ಚಾನ್ಸಲರ್ ಬಿಸ್ಮಾರ್ಕ್ ಒತ್ತಡ ಹಾಕಿ 1888ರಲ್ಲಿ ಒಳಗೆ ಸೇರಿಸ್ಕೊಂಡಾಗ ಊರಿನ ವ್ಯಾಪಾರಿಗಳು ಒಂದು ಷರತ್ತು ಹಾಕಿದ್ರು, ಸುಂಕ ಇಲ್ಲದ ಒಂದು ಬಂದರು ಜಾಗ ನಮಗೆ ಬೇಕು, ಅಲ್ಲಿ ಮಾಲು ಇಳಿಸಿ, ಇಟ್ಟು, ವಿಂಗಡಿಸಿ, ಮತ್ತೆ ಹೊರದೇಶಕ್ಕೆ ಕಳಿಸಿದ್ರೆ ಯಾರಿಗೂ ಒಂದು ಕಾಸೂ ಕಟ್ಟೋ ಹಾಗಿರ್ಬಾರ್ದು ಅಂತ. ಆ ಜಾಗಕ್ಕೋಸ್ಕರ ಎರಡು ದೊಡ್ಡ ಕೇರಿಗಳನ್ನ ನೆಲಸಮ ಮಾಡಿದ್ರು. ಸುಮಾರು 20,000 ಜನ, ಅದರಲ್ಲಿ ಬಂದರು ಕೂಲಿಗಳೇ ಜಾಸ್ತಿ, ಮನೆ ಬಿಟ್ಟು ಹೋಗ್ಬೇಕಾಯ್ತು. ಕಾಫಿ ಮೂಟೆಗಳಿಗೆ ಊರ ಮಧ್ಯದಲ್ಲಿ ಗಾಳಿ ಬೆಳಕಿರೋ ಮಹಡಿಗಳು ಸಿಕ್ವು, ಅವನ್ನ ಹೊರೋರು ಎಷ್ಟೋ ಜನ ಮೊದಲೇ ತುಂಬಿ ತುಳುಕ್ತಿದ್ದ ಗಲ್ಲಿಗಳಿಗೆ ಹೋಗಿ ಸೇರ್ಕೊಂಡ್ರು.

ಮುಂದೆ ನಾಲ್ಕೇ ವರ್ಷಕ್ಕೆ, 1892ರಲ್ಲಿ, ಕಾಲರಾ ಬಂತು. ಕೆಲವೇ ವಾರದಲ್ಲಿ ಸುಮಾರು 8,600 ಜನ ಸತ್ರು. ಅಷ್ಟು ಶ್ರೀಮಂತ ಊರು ಎಲ್ಬೆ ನದಿ ನೀರನ್ನ ಸರಿಯಾಗಿ ಸೋಸದೇ ನೇರ ನಲ್ಲಿಗೆ ಬಿಡ್ತಿತ್ತು. ಪಕ್ಕದ ಆಲ್ಟೋನಾ, ಈಗ ಹ್ಯಾಂಬರ್ಗ್ ಒಳಗೇ ಇದೆ ಆದ್ರೆ ಆಗ ಬೇರೆ ಊರು, ಅದೇ ನದಿಯಲ್ಲಿ ಇನ್ನೂ ಕೆಳಗಡೆಯಿಂದ ನೀರು ಎತ್ತಿದ್ರೂ, ಅಂದ್ರೆ ಹ್ಯಾಂಬರ್ಗಿನ ಕೊಳಚೆಯೆಲ್ಲಾ ಸೇರಿದ ನೀರನ್ನೇ ತಗೊಂಡ್ರೂ, ಮರಳಲ್ಲಿ ಸೋಸಿ ಕೊಡ್ತಿದ್ದಿದ್ರಿಂದ ಅಲ್ಲಿ ಕಾಯಿಲೆ ಅಷ್ಟು ಹಬ್ಬಲಿಲ್ಲ. ಎರಡು ಊರಿನ ಗಡಿ ಹಾದು ಹೋಗೋ ಬೀದಿಗಳಲ್ಲಿ ಒಂದು ಕಡೆ ಹೆಣ, ಇನ್ನೊಂದು ಕಡೆ ಏನೂ ಇಲ್ಲ. ಬರ್ಲಿನ್‌ನಿಂದ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್ ಬಂದು ಆ ಗಲ್ಲಿಗಳನ್ನ ನೋಡಿ, ನಾನು ಯುರೋಪಿನಲ್ಲಿದೀನಿ ಅನ್ನೋದೇ ಮರ್ತು ಹೋಗತ್ತೆ ಅಂದಿದ್ರಂತೆ. ಕಾಖ್ 1883-84ರಲ್ಲಿ ಕಾಲರಾ ರೋಗಾಣು ಹುಡುಕ್ಕೊಂಡು ಕಲ್ಕತ್ತಾಗೆ ಹೋಗಿ ಬಂದಿದ್ದೋರು, ಹಂಗಾಗಿ ಆ ಮಾತು ಓದಿದಾಗ ನಂಗೆ ಸ್ವಲ್ಪ ಚುಚ್ಚಿತು ಅನ್ನೋದೂ ನಿಜ. ಊರಿನೋರು ಮಾತ್ರ ಬೈದಿದ್ದು ನೀರನ್ನಲ್ಲ. ಅಮೆರಿಕಾ ಹಡಗು ಹತ್ತಕ್ಕೆ ಬಂದು ಬಂದರಿನ ಶೆಡ್ಡುಗಳಲ್ಲಿ ಕಾಯ್ತಿದ್ದ ರಷ್ಯಾ ಕಡೆಯ ಬಡವರನ್ನ. ಈ ವಿಷಯ ಮಾರನೇ ದಿನ ಮತ್ತೆ ಸಿಗತ್ತೆ.

ಗೋಡೌನುಗಳ ತುದಿಯಲ್ಲಿ ಎಲ್ಬ್‌ಫಿಲ್‌ಹಾರ್ಮೊನಿ. ಕೋಕೋ, ಟೀ, ತಂಬಾಕು ಇಡ್ತಿದ್ದ 1960ರ ದಶಕದ ಗೋಡೌನೊಂದರ ತಲೆ ಮೇಲೆ ಗಾಜಿನ ಕನ್ಸರ್ಟ್ ಹಾಲ್ ಕೂರಿಸಿದಾರೆ, ಓಪನ್ ಆಗಿದ್ದು 2017ರ ಜನವರಿಯಲ್ಲಿ. ಊರಿನ ಖಜಾನೆಗೆ 77 ಮಿಲಿಯನ್ ಯೂರೋ ಖರ್ಚು ಬೀಳತ್ತೆ ಅಂತ ಶುರುವಾಗಿದ್ದು 789 ಮಿಲಿಯನ್ನಿಗೆ ಹೋಗಿ ನಿಂತ್ಕೊಂತು. ಜರ್ಮನ್ನರ ಪ್ಲ್ಯಾನಿಂಗ್ ಬಗ್ಗೆ ಆಫೀಸಲ್ಲಿ ಪಾಠ ಕೇಳಿಸ್ಕೊಳ್ಳೋ ನಮ್ಮನೆಯವ್ರಿಗೆ ಈ ಅಂಕಿ ಭಾರೀ ಸಮಾಧಾನ ಕೊಡ್ತು, ಎರಡು ಸಲ ಓದಿ ಹೇಳಿದ್ರು. ಸ್ವಲ್ಪ ಬಾಗಿರೋ ಒಂದು ಉದ್ದದ ಎಸ್ಕಲೇಟರು, ಹತ್ತಿದಾಗ ತುದಿ ಕಾಣಲ್ಲ, ಮೇಲೆ 37 ಮೀಟರ್ ಎತ್ತರದಲ್ಲಿ ಸುತ್ತಾ ನಡೆಯೋಕೆ ಜಾಗ. ಗಾಳಿ ಅಂದ್ರೆ ಗಾಳಿ. ಆದ್ರೆ ಒಂದು ಮಾತು ಹೇಳ್ಲೇಬೇಕು, ಅಲ್ಲಿಂದ ಬಂದರು ನೋಡಿದ್ರೆ 789 ಮಿಲಿಯನ್ನಿನ ಬಗ್ಗೆ ತಕರಾರು ಮಾಡೋ ಮನಸ್ಸು ಅರ್ಧ ಹೋಗತ್ತೆ.

ಇಳಿದು ಸುಮ್ನೆ ನಡ್ಕೊಂಡು ಲೋಜೆಪಾರ್ಕ್ ಅನ್ನೋ ಪಾರ್ಕಿಗೆ ಬಂದ್ವಿ. ಹೊಸಾ ಅಪಾರ್ಟ್‌ಮೆಂಟುಗಳು, ಮಕ್ಕಳು ಬಾಲ್ ಆಡ್ತಿದ್ವು. ಇಲ್ಲಿ ಮೊದಲು ಹಾನೋಫರ್ಶರ್ ಬಾನ್‌ಹೋಫ್ ಅಂತ ರೈಲ್ವೆ ಸ್ಟೇಷನ್ ಇತ್ತು, 1940ರಿಂದ 1945ರವರೆಗೆ ನಾಜಿಗಳು 8,000ಕ್ಕೂ ಹೆಚ್ಚು ಯೆಹೂದಿಗಳನ್ನ, ಜಿಪ್ಸಿಗಳು ಅಂತ ಕರೀತಿದ್ದ ಸಿಂತಿ ಮತ್ತೆ ರೋಮಾ ಜನರನ್ನ ಇಲ್ಲಿಂದ ರೈಲಿಗೆ ತುಂಬಿ ಘೆಟ್ಟೋ, ಯಾತನಾ ಶಿಬಿರಗಳಿಗೆ ಕಳಿಸಿದ್ರು. ಹಳೇ ಪ್ಲಾಟ್‌ಫಾರ್ಮಿನ ಚೂರು ಉಳಿಸ್ಕೊಂಡಿದಾರೆ, ಅಲ್ಲೇ ಮೇಜಿನ ಥರದ ಕಟ್ಟೆಗಳ ಮೇಲೆ ಹೆಸರುಗಳು. ಫೋಟೋ ತೆಗೀಲಿಲ್ಲ, ಇದರ ಬಗ್ಗೆ ಇನ್ನೇನೂ ಬರೆಯಕ್ಕೂ ಆಗ್ತಿಲ್ಲ.

ಸಾಯಂಕಾಲ 62 ನಂಬರ್ ಫೆರ್ರಿ ಹತ್ತಿದ್ವಿ. ಹೋಗೋರಿಗೆ ನಾನು ಕೊಡೋ ಒಂದೇ ಬಿಟ್ಟಿ ಸಲಹೆ ಇದು: ದುಡ್ಡು ಕೊಟ್ಟು ಹಾರ್ಬರ್ ಟೂರ್ ತಗೋಬೇಡಿ, ಲಾಂಡುಂಗ್ಸ್‌ಬ್ರುಕೆನ್‌ನಲ್ಲಿ ಇದನ್ನ ಹತ್ತಿ, ಬಸ್ಸಿನ ಟಿಕೆಟ್ಟೇ ಇದಕ್ಕೂ ನಡೆಯತ್ತೆ, ನಮ್ಮ ಪಾಸೂ ನಡೀತು. ಫಿಂಕೆನ್‌ವೆರ್ಡರ್ ತನಕ ಹೋಗಿ ಅದರಲ್ಲೇ ವಾಪಸ್ ಬನ್ನಿ. ಮೇಲಿನ ಡೆಕ್ಕಲ್ಲಿ ಟೂರಿಸ್ಟುಗಳು, ಕೆಳಗೆ ಸೈಕಲ್ ಹಿಡ್ಕೊಂಡು ಕೆಲಸ ಮುಗಿಸಿ ಮನೆಗೆ ಹೋಗೋರು, ಪಕ್ಕದಲ್ಲಿ ಇಪ್ಪತ್ತು ಮಹಡಿ ಕಟ್ಟಡದಷ್ಟು ಎತ್ತರಕ್ಕೆ ಕಂಟೈನರ್ ಪೇರಿಸಿದ ಹಡಗು ಹಾದು ಹೋಗ್ತಿರತ್ತೆ.

ಭಾನುವಾರ ಬೆಳಿಗ್ಗೆ ಫಿಶ್‌ಮಾರ್ಕ್ಟ್. 1703ರಿಂದ ನಡೀತಿರೋ ಮೀನಿನ ಸಂತೆ, ಬೇಸಿಗೆಯಲ್ಲಿ ಬೆಳಗಿನ ಜಾವ 5 ಗಂಟೆಗೆ ಶುರು, 9:30ಕ್ಕೆ ಬಂದ್. ಮೀನು ಮುಟ್ಟದ ನಾನು ಅಲ್ಲಿಗೆ ಯಾಕೆ ಹೋಗ್ಬೇಕು ಅಂತ ರಾತ್ರಿಯೆಲ್ಲಾ ವಾದ ಮಾಡಿದ್ದೆ, "ಸುಮ್ನೆ ಬಾರೇ, ಹಣ್ಣೂ ಮಾರ್ತಾರೆ" ಅಂತ ಎಳ್ಕೊಂಡು ಹೋದ್ರು. ಹೌದು, ಹಣ್ಣಿನೋರೇ ಅಲ್ಲಿ ಹೀರೋಗಳು. ಲಾರಿ ಮೇಲೆ ನಿಂತು ಗಂಟಲು ಹರಿಯೋ ಹಾಗೆ ಕೂಗ್ತಾ, ಗಿರಾಕಿಗಳನ್ನ ಕಿಚಾಯಿಸ್ತಾ, ಬುಟ್ಟಿ ಬುಟ್ಟಿ ಹಣ್ಣು ಒಟ್ಟಿಗೇ ಮಾರ್ತಾರೆ. ಭಾನುವಾರ ಅಂದ್ರೆ ಪಿನ್ ಬಿದ್ರೂ ಕೇಳಿಸೋ ಈ ದೇಶದಲ್ಲಿ ಅಷ್ಟು ಗಲಾಟೆ ಕೇಳಿ ನಂಗೆ ನಿದ್ದೆಯೆಲ್ಲಾ ಹಾರೋಯ್ತು. ಪಕ್ಕದ ಹಳೇ ಹರಾಜು ಹಾಲಲ್ಲಿ ಬ್ಯಾಂಡು, ರಾತ್ರಿಯೆಲ್ಲಾ ಕುಡಿದು ಇನ್ನೂ ಮಲಗದೇ ಇರೋರೂ ಈಗ ತಾನೇ ಎದ್ದು ಬಂದೋರೂ ಒಟ್ಟಿಗೇ ಕುಣೀತಿದ್ರು. ನಾನು ಫ್ರಾಂಟ್ಸ್‌ಬ್ರೋಟ್‌ಶೆನ್ ತಿಂದೆ, ಚಕ್ಕೆ ಸಕ್ಕರೆ ಹಾಕಿ ಮಾಡೋ ಈ ಊರಿನ ಬನ್ನು, ಅಂಟಂಟು, ಬಿಸಿ, ಭಾಳ ಚೆನ್ನಾಗಿತ್ತು.

ಆಮೇಲೆ ಫೆಡೆಲ್ ಅನ್ನೋ ದ್ವೀಪದಲ್ಲಿರೋ ಬಾಲಿನ್‌ಶ್ಟಾಟ್ ಮ್ಯೂಸಿಯಂ. ಇದು ನನ್ನ ಆಯ್ಕೆ, ಸ್ಟಾರ್ ನಾನೇ ಹಾಕ್ಸಿದ್ದು. ಹತ್ತೊಂಬತ್ತನೇ ಶತಮಾನದ ಮಧ್ಯದಿಂದ ಮುಂದಿನ ಎಂಬತ್ತು ತೊಂಬತ್ತು ವರ್ಷದಲ್ಲಿ 50 ಲಕ್ಷಕ್ಕೂ ಹೆಚ್ಚು ಜನ ಹ್ಯಾಂಬರ್ಗಿನಲ್ಲಿ ಹಡಗು ಹತ್ತಿ ಯುರೋಪ್ ಬಿಟ್ಟು ಹೋದ್ರು. ಅವರಲ್ಲಿ ತುಂಬಾ ಜನರನ್ನ ಸಾಗಿಸಿದ್ದು ಹಪಾಗ್ ಕಂಪನಿ, ಅದರ ದೊಡ್ಡ ತಲೆ ಆಲ್ಬರ್ಟ್ ಬಾಲಿನ್. ಕಾಲರಾ ಆದ್ಮೇಲೆ ಈ ಬಡ ಪ್ರಯಾಣಿಕರು ಊರೊಳಗೆ ಓಡಾಡೋದು ಬೇಡ ಅಂತ ಊರಿನೋರ ಹಟ, ಹಡಗು ತುಂಬ್ಬೇಕು ಅಂತ ಬಾಲಿನ್ ಲೆಕ್ಕ, ಎರಡೂ ಸೇರಿ 1901ರಲ್ಲಿ ಈ ದ್ವೀಪದಲ್ಲಿ ಒಂದು ಪುಟ್ಟ ಊರೇ ಎದ್ದುನಿಂತು. ಮಲಗೋ ಹಾಲುಗಳು, ಊಟದ ಮನೆ, ಯೆಹೂದಿಗಳಿಗೆ ಬೇರೆ ಅಡುಗೆ, ಚರ್ಚು, ಸಿನಗಾಗ್, ಬ್ಯಾಂಡ್ ಬಾರಿಸೋಕೆ ಮಂಟಪ ಕೂಡ. ಈಗಿರೋ ಮೂರು ಕಟ್ಟಡ ಹಳೇ ಮಾದರಿಯಲ್ಲಿ ಮತ್ತೆ ಕಟ್ಟಿರೋವು, 2007ರಲ್ಲಿ ಮ್ಯೂಸಿಯಂ ಆಯ್ತು.

ಒಳಗೆ ಬಂದ ತಕ್ಷಣ ಮಾಡ್ತಿದ್ದ ಕೆಲಸ, ಜನರನ್ನ ಎರಡು ಭಾಗ ಮಾಡೋದು. ಅಶುದ್ಧ ಕಡೆಯಿಂದ ಒಳಗೆ ಬರ್ಬೇಕು, ಬಟ್ಟೆ ಬಿಚ್ಚಿ ಕೊಡ್ಬೇಕು, ಅದು ಹಬೆಗೆ ಹೋಗತ್ತೆ, ಸ್ನಾನ, ಡಾಕ್ಟರು ಕಣ್ಣು ತಲೆ ಎಲ್ಲಾ ನೋಡ್ಬೇಕು, ಪಾಸಾದ್ರೆ ಶುದ್ಧ ಕಡೆಗೆ ಬಿಡ್ತಾರೆ. ಹಾಗೆ ದಾಟಿದೋರು ಮತ್ತೆ ಈ ಕಡೆಯೋರ ಜೊತೆ ಬೆರೆಯೋ ಹಾಗಿಲ್ಲ. ನಮ್ಮ ಕಡೆಯೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಇಷ್ಟೆಲ್ಲಾ ಖರ್ಚು ಮಾಡಿ ಕಂಪನಿ ಯಾಕೆ ಜನರ ಆರೋಗ್ಯ ನೋಡ್ತಿತ್ತು ಅಂದ್ರೆ, ಕರುಣೆ ಸ್ವಲ್ಪ ಇತ್ತೇನೋ, ಆದ್ರೆ ಮುಖ್ಯ ಕಾರಣ ಅಮೆರಿಕಾದ 1891ರ ಕಾನೂನು. ನ್ಯೂಯಾರ್ಕಿನಲ್ಲಿ ಇಳಿದ ಮೇಲೆ ಅಲ್ಲಿನ ಅಧಿಕಾರಿಗಳು ಕಾಯಿಲೆ ಅಂತಾನೋ ಇನ್ನೊಂದೋ ಹೇಳಿ ಯಾರನ್ನಾದ್ರೂ ಬೇಡ ಅಂದ್ರೆ, ಅವರನ್ನ ವಾಪಸ್ ಕರ್ಕೊಂಡು ಬರೋ ಖರ್ಚು ಹಡಗು ಕಂಪನಿ ತಲೆ ಮೇಲೆ. ಹಂಗಾಗಿ ಅಮೆರಿಕಾದ ಬಾಗಿಲು ಇಲ್ಲೇ ಹ್ಯಾಂಬರ್ಗಿನಲ್ಲೇ ಶುರುವಾಗ್ತಿತ್ತು, ಕಾವಲಿಗೆ ನಿಂತಿದ್ದೋರು ಅಮೆರಿಕಾದೋರಲ್ಲ, ಟಿಕೆಟ್ ಮಾರಿದ ಕಂಪನಿಯೋರು.

ಇದನ್ನ ಓದ್ತಾ ನಂಗೆ ತಟ್ಟನೆ ನೆನಪಾಗಿದ್ದು ಪ್ರತಿ ಸಲ ಊರಿಂದ ವಾಪಸ್ ಬರೋವಾಗ ಏರ್‌ಪೋರ್ಟ್ ಕೌಂಟರಿನಲ್ಲಿ ನಡೆಯೋ ನಾಟಕ. ಇಮಿಗ್ರೇಷನ್ ಇನ್ನೂ ದೂರ ಇರತ್ತೆ, ಬ್ಯಾಗ್ ತೂಕ ಹಾಕೋ ಹುಡುಗಿ ನಮ್ಮ ರೆಸಿಡೆನ್ಸ್ ಪರ್ಮಿಟ್ ಕಾರ್ಡನ್ನ ಹಿಂದೆ ಮುಂದೆ ತಿರುಗಿಸಿ, ಡೇಟ್ ನೋಡಿ, ಯಾರನ್ನೋ ಕರೆದು ತೋರ್ಸಿ, ಆಮೇಲೆ ಬೋರ್ಡಿಂಗ್ ಪಾಸ್ ಕೊಡ್ತಾಳೆ. ಇವಳಿಗ್ಯಾಕೆ ನನ್ನ ವೀಸಾ ಚಿಂತೆ ಅಂತ ಎಷ್ಟೋ ಸಲ ಒಳಗೊಳಗೇ ಉರ್ಕೊಂಡಿದೀನಿ. ಅದೇ ನಿಯಮ ಸ್ವಾಮಿ, ಸರಿಯಾದ ಕಾಗದ ಇಲ್ದೋರನ್ನ ಕರ್ಕೊಂಡು ಬಂದ್ರೆ ವಾಪಸ್ ಒಯ್ಯೋ ಹೊಣೆ ವಿಮಾನ ಕಂಪನಿದು, ಮೇಲೆ ದಂಡ. ಹಡಗಿಂದ ವಿಮಾನಕ್ಕೆ ಬಂತು ಅಷ್ಟೆ.

ಇದರರ್ಥ ನಾನೂ ಅವರ ಥರ ಅಂತಲ್ಲ. ಹಾಗಂದ್ಕೊಂಡ್ರೆ ಅದು ಅಧಿಕಪ್ರಸಂಗ ಆಗತ್ತೆ. ಗಂಡನ ಬ್ಲೂ ಕಾರ್ಡ್ ಅನ್ನೋ ವರ್ಕ್ ಪರ್ಮಿಟ್ ಜೊತೆ ಡಿಪೆಂಡೆಂಟ್ ಆಗಿ, ಪ್ರೆಶರ್ ಕುಕ್ಕರು ಮಿಕ್ಸಿ ಸಮೇತ ವಿಮಾನದಲ್ಲಿ ಬಂದೋಳು ನಾನು, ಬೇಜಾರಾದ್ರೆ ಟಿಕೆಟ್ ಬುಕ್ ಮಾಡ್ಕೊಂಡು ಹೋಗ್ಬಹುದು. ಆ ಹಾಲಲ್ಲಿ ಮಲಗಿದ್ದೋರು ದೊಂಬಿಗೆ ಹೆದರಿ, ಹಸಿವಿಗೆ ಹೆದರಿ, ಇರೋದೆಲ್ಲಾ ಮಾರಿ ಬಂದೋರು. ಆದ್ರೂ ಒಂದು ಕಣ್ಣಿನ ಸೋಂಕಿಗೆ ಇಡೀ ಸಂಸಾರದಲ್ಲಿ ಒಬ್ಬರನ್ನ ಮಾತ್ರ ವಾಪಸ್ ಕಳಿಸ್ತಿದ್ರು ಅನ್ನೋದನ್ನ ಓದಿ, ಉಳಿದೋರು ಆಗ ಏನು ಮಾಡ್ತಿದ್ರು, ಹಡಗು ಹತ್ತೋದಾ ಬಿಡೋದಾ ಅಂತ ಯಾರು ಹೇಳ್ತಿದ್ರು ಅಂತ ಯೋಚ್ನೆ ಮಾಡ್ತಾ ನಾನು ಅಲ್ಲೇ ತುಂಬಾ ಹೊತ್ತು ನಿಂತ್ಬಿಟ್ಟೆ. ಇವರು ಆ ಕಡೆ ಕಂಪ್ಯೂಟರಲ್ಲಿ ಹಳೇ ಪ್ಯಾಸೆಂಜರ್ ಲಿಸ್ಟಲ್ಲಿ ನಮ್ಮ ಸರ್‌ನೇಮ್ ಹುಡುಕ್ತಿದ್ರು. ಸಿಗ್ಲಿಲ್ಲ, ಪಾಪ, ಸಿಗಕ್ಕೆ ಅದೇನು ಧರ್ಮಸ್ಥಳದ ಛತ್ರದ ರಿಜಿಸ್ಟರಾ.

ಬಾಲಿನ್ ಕಥೆ ಕೂಡ ಚೆನ್ನಾಗಿ ಮುಗಿಯಲ್ಲ. ಯೆಹೂದಿ ಆಗಿದ್ದೂ ಕೈಸರ್, ಅಂದ್ರೆ ಜರ್ಮನ್ ಚಕ್ರವರ್ತಿ ಜೊತೆ ಕೂತು ಊಟ ಮಾಡೋವಷ್ಟು ಎತ್ತರಕ್ಕೆ ಹೋದ ಮನುಷ್ಯ, ಮೊದಲನೇ ಮಹಾಯುದ್ಧದಲ್ಲಿ ಅವನ ವ್ಯಾಪಾರ ಹಾಳಾಯ್ತು, 1918ರ ನವೆಂಬರ್ 9ರಂದು, ಕೈಸರ್ ಪಟ್ಟ ಹೋಯ್ತು ಅಂತ ಘೋಷಣೆಯಾದ ದಿನಾನೇ ಮಾತ್ರೆ ನುಂಗಿ ಸತ್ತ.

ವಾಪಸ್ ಟ್ರೇನಿಗೆ ಟೈಮ್ ಇತ್ತು, ಮೇನ್ ಸ್ಟೇಷನ್ನಿಂದ ನಡ್ಕೊಂಡು ಆಲ್ಸ್ಟರ್ ಕೆರೆ ದಂಡೆಗೆ ಹೋದ್ವಿ. ಅಲ್ಲಿ ಅಟ್ಲಾಂಟಿಕ್ ಅಂತ ದೊಡ್ಡ ಬಿಳಿ ಹೋಟೆಲ್ ಇದೆ, 1909ರಲ್ಲಿ ಓಪನ್ ಆಗಿದ್ದು, ಕಟ್ಟಿದ್ದು ಹಪಾಗ್ ಹಡಗುಗಳ ಫಸ್ಟ್ ಕ್ಲಾಸ್ ಪ್ಯಾಸೆಂಜರ್‌ಗಳನ್ನ ಮನಸ್ಸಲ್ಲಿಟ್ಕೊಂಡು. ಅವರನ್ನ ಯಾರೂ ಹಬೆಗೆ ಹಾಕ್ಲಿಲ್ಲ. ಅದೇ ಹಡಗು, ಅದೇ ಸಮುದ್ರ, ಕೆಳಗಿನ ಡೆಕ್ಕಿನೋರು ದ್ವೀಪದಲ್ಲಿ ಪರೀಕ್ಷೆ ಕೊಡ್ತಾ ಇದ್ರೆ ಮೇಲಿನ ಡೆಕ್ಕಿನೋರು ಇಲ್ಲಿ ಕೆರೆ ನೋಡ್ತಾ ಊಟ ಮಾಡ್ತಿದ್ರು.

ಈ ಹೋಟೆಲಿಗೆ ನಮ್ಮದೂ ಒಂದು ಸಂಬಂಧ ಇದೆ. 1942ರ ಸೆಪ್ಟೆಂಬರ್ 11ರಂದು ಸುಭಾಷ್ ಚಂದ್ರ ಬೋಸ್ ಇಲ್ಲಿ ಜರ್ಮನ್-ಇಂಡಿಯನ್ ಸೊಸೈಟಿ ಉದ್ಘಾಟನೆ ಮಾಡಿದಾಗ ಆರ್ಕೆಸ್ಟ್ರಾದೋರು ಜನಗಣಮನ ಬಾರಿಸಿದ್ರು, ಅದನ್ನ ರಾಷ್ಟ್ರಗೀತೆ ಅಂತ ನುಡಿಸಿದ್ದು ಅದೇ ಮೊದಲು ಅಂತಾರೆ. ನಮ್ಮ ದೇಶದಲ್ಲಿ ಅದು ಅಧಿಕೃತ ಆಗಿದ್ದು 1950ರ ಜನವರಿ 24ಕ್ಕೆ. ಹೆಮ್ಮೆ ಪಡೋಣ ಅಂದ್ರೆ ಸುಲಭ ಇಲ್ಲ, ಆ ಹಾಲಲ್ಲಿ ಕೂತು ಚಪ್ಪಾಳೆ ತಟ್ಟಿದ್ದು ಯಾವ ಸರ್ಕಾರದೋರು ಅಂತ ಗೊತ್ತಲ್ಲ, ಅದೇ ವರ್ಷ ಲೋಜೆಪಾರ್ಕಿನ ಆ ಪ್ಲಾಟ್‌ಫಾರ್ಮಿಂದ ರೈಲುಗಳು ಹೊರಡ್ತಿದ್ವು. ಮುಖ ತಿರುಗಿಸೋಣ ಅಂದ್ರೆ ಅದೂ ಆಗಲ್ಲ. ಬೋಸ್ ಇಲ್ಲಿಗೆ ಬಂದಿದ್ದು ಕಾಬೂಲಿಂದ ಮಾಸ್ಕೋ ದಾಟಿ, ಒರ್ಲಾಂಡೋ ಮಾಜೊಟ್ಟಾ ಅನ್ನೋ ಹೆಸರಿನ ಇಟಾಲಿಯನ್ ಪಾಸ್‌ಪೋರ್ಟಲ್ಲಿ, ಹೋಗಿದ್ದು 1943ರ ಫೆಬ್ರವರಿಯಲ್ಲಿ ಕೀಲ್ ಬಂದರಿಂದ ಸಬ್‌ಮರೀನಲ್ಲಿ. ಈ ಊರಿಗೆ ಬೆಂಕಿ ಬಿದ್ದಿದ್ದು ಅದಾಗಿ ಐದು ತಿಂಗಳಿಗೆ.

ಇವರು ಮೆನು ಕಾರ್ಡ್ ಓದಿ ಬಂದು ಒಂದು ಕಾಫಿಗೆ ಇಷ್ಟಾ ಅಂದ್ರು. ಆ ಕಾಲದಲ್ಲಿ ನಾವು ಬಂದಿದ್ರೆ ನಮ್ಮನ್ನ ಎಲ್ಲಿ ಇಳಿಸ್ತಿದ್ರು ರೀ, ಇಲ್ಲೋ, ಆ ದ್ವೀಪದಲ್ಲೋ ಅಂತ ಕೇಳ್ದೆ. ಅದು ಗೊತ್ತಿಲ್ಲ, ಇವತ್ತಿಂದು ಸೆಕೆಂಡ್ ಕ್ಲಾಸು, ಪಾಸ್ ಮೇಲೇ ಬರ್ದಿದೆ, ಬೇಗ ನಡಿ ಸೀಟ್ ಸಿಗಲ್ಲ ಅಂದ್ರು. ಸಿಗ್ಲೂ ಇಲ್ಲ.